ಪದ್ಮಕ್ಕೋರ ಸುಸ್ತು

"ಮೇಡಂ, ಇವತ್ತು ನಿಮ್ಮ ಸುಸ್ತು ಹತ್ತರಲ್ಲಿ ಎಷ್ಟು?"

ಎರಡು ತಿಂಗಳಿಂದ ವಾರಕ್ಕೊಂದು ಸಲ ಒಬ್ಬಳು ಹುಡುಗಿ ಫೋನು ಮಾಡಿ ಹೀಗೆ ಕೇಳುತ್ತಾಳೆ. ಅವಳ ಮುಖ ನಾನು ನೋಡಿಲ್ಲ. ಕೀಮೋ ಮುಗಿಸಿ ನನ್ನನ್ನು ಮನೆಗೆ ಕಳಿಸಿದ ಆಸ್ಪತ್ರೆಯವರು, ಆಮೇಲೂ ಬಿಡದೆ ಕಾಡುವ ಸುಸ್ತಿಗೆ ಫೋನಿನಲ್ಲೇ ದಾರಿ ಹೇಳಿಕೊಡಲು ಇವಳನ್ನು ಇಟ್ಟಿದ್ದಾರೆ. ಎಷ್ಟು ನಡೆದಿರಿ, ಯಾವಾಗ ಮಲಗಿದಿರಿ, ಏನು ಮಾಡಿದ ಮೇಲೆ ಕೈಕಾಲು ಸೋತವು, ಎಲ್ಲ ಅವಳಿಗೆ ಬೇಕು. ಮೊದಲನೇ ದಿನ ನನಗೆ ಸಿಟ್ಟೇ ಬಂತು. ಸುಸ್ತಿಗೂ ಮಾರ್ಕ್ಸ್ ಕೊಡಬೇಕಾ? "ಹನ್ನೊಂದು" ಅಂದೆ. ಹುಡುಗಿ ನಗಲಿಲ್ಲ. "ಹನ್ನೊಂದು. ಬರ್ಕೊಂಡೆ ಮೇಡಂ. ಯಾವ ಹೊತ್ತಲ್ಲಿ ಹನ್ನೊಂದು?" ಅಂದಳು.

ಯಾವ ಹೊತ್ತಲ್ಲಿ ಅಂದಳಲ್ಲ, ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ನಲವತ್ತು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ಇನ್ನೊಬ್ಬರ ಪರವಾಗಿ, ಗಂಟಲು ಹರಿದುಕೊಂಡು, ಒಬ್ಬ ಹೆಂಗಸಿಗೆ ಕೇಳಿದ್ದೆ. ಫೋನು ಇಟ್ಟ ಮೇಲೆ ಸಾಗರದ ಈ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಓಡಾಡೋಣ ಅಂದರೆ ನಾಲ್ಕು ಹೆಜ್ಜೆಗೆ ಬಾಗಿಲು ಹಿಡಿದು ನಿಂತೆ. ಆಗ ಆ ಹೆಂಗಸು, ಪದ್ಮಾವತಿ ಅಕ್ಕೋರು, ಟೆಲಿಫೋನ್ ಎಕ್ಸ್‌ಚೇಂಜಿನ ಬಾಗಿಲು ಹಿಡಿದು ನಿಲ್ಲುತ್ತಿದ್ದದ್ದು ಕಣ್ಣಿಗೆ ಬಂತು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡು. ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿ ರಿಪ್ಪನ್‌ಪೇಟೆಗೆ ಹಾಕಿದ್ದರು. ನನ್ನಂಥವಳನ್ನು ಕುರ್ಚಿಯಲ್ಲಿ ಕೂರಿಸಿ ಸಂಬಳ ಕೊಡುವ ಯೋಚನೆ ಯಾರಿಗೆ ಬಂತೋ! ಹುಟ್ಟಿದಾಗಿನಿಂದ ನನ್ನ ಕಾಲಿಗೆ ಚಕ್ರ. ಊಟ ಮಾಡುವಾಗಲೂ ಎರಡು ಸಲ ಏಳುವವಳು ನಾನು. ಆ ಎಕ್ಸ್‌ಚೇಂಜ್ ಅಂದರೆ ಒಂದು ಕೋಣೆ, ಅದರಲ್ಲಿ ಒಂದು ಬೋರ್ಡು, ತೂತಿಗೆ ಚುಚ್ಚುವ ಹಗ್ಗದಂಥ ವೈರುಗಳು, ಕಿವಿ ಹಿಂಡುವ ಹೆಡ್‌ಸೆಟ್ಟು. ಪಕ್ಕದಲ್ಲಿ ಸಾರ್ವಜನಿಕರು ಮಾತಾಡಲು ಮರದ ಪೆಟ್ಟಿಗೆಯಂಥ ಬೂತು. ಊರಿನಲ್ಲಿದ್ದ ಫೋನುಗಳು ಬೆರಳೆಣಿಕೆಯಷ್ಟು. ಹೊರಗಿನ ಲೋಕಕ್ಕೆಲ್ಲ ಒಂದೇ ಟ್ರಂಕ್ ಲೈನು, ಶಿವಮೊಗ್ಗದ ಮೂಲಕ. ಸೇರಿದ ವಾರವೇ ಸಾಗರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಉತ್ತರಕ್ಕೆ ಕಾಯುವುದೇ ಇನ್ನೊಂದು ಹಿಂಸೆಯಾಗಿತ್ತು.

ಆ ವರ್ಷ ಜೂನ್ ಮೊದಲ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಕರಾವಳಿಯ ಒಂದು ದೊಡ್ಡ ಆಸ್ಪತ್ರೆಯಿಂದ ಪಿ.ಪಿ. ಕಾಲ್ ಬಂತು. ಹೆಸರು ಹೇಳಿ ಇಂಥವರೇ ಬೇಕು ಅನ್ನುವ ಕಾಲ್ ಅದು. ಅವರಿದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಬೇಕಾದವರು ಪದ್ಮಾವತಿ, ಪ್ರೈಮರಿ ಶಾಲೆಯ ಟೀಚರ್, ಊರಿನವರ ಬಾಯಲ್ಲಿ ಅಕ್ಕೋರು. ಆ ಕಡೆ ಹೆಣ್ಣುದನಿ, ಮಂಗಳೂರಿನ ಕನ್ನಡ: "ಅವರಿಗೆ ಇಲ್ಲಿಂದ ಹೋಗುವಾಗಲೇ ಅಲ್ಲಿಗೆ ನಡ್ಕೊಂಡೇ ಬರ್ಲಿಕ್ಕೆ ಹೇಳಿದ್ದೇನೆ. ಬಂದಿದ್ದಾರಾ ನೋಡಿ."

ಎದ್ದು ನೋಡಿದೆ. ಬಾಗಿಲ ಚೌಕಟ್ಟು ಹಿಡಿದು ಒಬ್ಬರು ನಿಂತಿದ್ದರು. ನಲವತ್ತು ದಾಟಿದ ವಯಸ್ಸು, ಬಿಳಿಚಿಕೊಂಡ ಮುಖ, ಎಡಭುಜದ ಮೇಲೆ ಸೆರಗು ದಪ್ಪಗೆ ಹೊದ್ದಿದ್ದರು. ಮನೆಯಿಂದ ಎಕ್ಸ್‌ಚೇಂಜಿಗೆ ಎರಡು ಫರ್ಲಾಂಗು. ಅಷ್ಟಕ್ಕೇ ಉಸಿರು ಮೇಲೆ ಕೆಳಗೆ. "ಬಂದೆ ಅಂತ ಹೇಳಮ್ಮ" ಅಂದರು.

ಅವರ ಕಥೆ ಇಡೀ ಊರಿಗೆ ಗೊತ್ತಿತ್ತು. ಎದೆಯಲ್ಲಿ ಗಂಟಾಗಿ, ಆಪರೇಷನ್ನಾಗಿ, ಒಂದೂವರೆ ತಿಂಗಳು ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದಿದ್ದರು. ಕ್ಯಾನ್ಸರ್ ಅನ್ನುವ ಶಬ್ದವನ್ನು ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಆ ಕಾಯಿಲೆ ಅನ್ನುತ್ತಿದ್ದರು. ಗಂಟು ಹೋಗಿತ್ತು, ಸುಸ್ತು ಉಳಿದಿತ್ತು. ತಲೆ ಬಾಚಿಕೊಂಡರೆ ಸುಸ್ತು, ಸೀರೆ ಉಟ್ಟರೆ ಸುಸ್ತು. ಆಸ್ಪತ್ರೆಯ ಸಿಸ್ಟರ್ ಲಿಲ್ಲಿ ಅನ್ನುವವರು, ಮನೆಗೆ ಹೋದ ಇಂಥ ಕೆಲವರಿಗೆ ವಾರಕ್ಕೊಮ್ಮೆ ಫೋನು ಮಾಡಿ ಏನು ಮಾಡಬೇಕು ಏನು ಮಾಡಬಾರದು ಅಂತ ಹೇಳುವ ಕೆಲಸ ಹಚ್ಚಿಕೊಂಡಿದ್ದರು. ಅವರ ಡಾಕ್ಟರು ಬೈದರೂ ಬಿಡಲಿಲ್ಲವಂತೆ. ಮೂರು ನಿಮಿಷದ ಕಾಲ್, ಹೆಚ್ಚೆಂದರೆ ಆರು.

ಅಕ್ಕೋರ ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಕ್ಕಳಿಲ್ಲ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಾವ ಧರಣಪ್ಪನವರ ಮನೆಯಲ್ಲಿದ್ದರು. ಜೈನರ ದೊಡ್ಡ ಮನೆ, ಬಸ್‌ಸ್ಟ್ಯಾಂಡಿಗೆ ಎದುರೇ. ಧರಣಪ್ಪನವರು ಕೆಟ್ಟವರಲ್ಲ. ತಮ್ಮನ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು, ಅಲ್ಲಿ ತಿಂಗಳುಗಟ್ಟಲೆ ಕಾದವರು ಅವರೇ. ಆದರೆ ಅವರದು ಒಂದೇ ಹಟ. ಇನ್ನು ಇವಳು ಕೆಲಸಕ್ಕೆ ಹೋಗುವುದು ಬೇಡ. ಕಡ್ಡಿ ಎತ್ತಿ ಆ ಕಡೆ ಇಡುವುದೂ ಬೇಡ. ಅಕ್ಕೋರ ರಜೆ ದಸರಾವರೆಗೆ. ದಸರಾ ಕಳೆದು ಶಾಲೆ ತೆರೆದ ದಿನ ಹೋಗಿ ಹಾಜರಿ ಹಾಕದಿದ್ದರೆ ಕೆಲಸ ಹೋದಂತೆ. ಅಷ್ಟರವರೆಗೂ ಯಾಕೆ ಅಂತ ಧರಣಪ್ಪನವರು ಮುಂಚೆಯೇ ರಾಜೀನಾಮೆ ಪತ್ರ ಬರೆದು ಗೋಡೆ ಕಪಾಟಿನಲ್ಲಿ ಇಟ್ಟಿದ್ದರು. ಅಕ್ಕೋರ ಸಹಿ ಒಂದು ಬಾಕಿ.

"ಸಹಿ ಹಾಕ್ಬಿಡಿ ಅಕ್ಕೋರೇ, ಆರಾಮಾಗಿ ಇರಬಹುದಲ್ಲ" ಅಂತ ನಾನು ಒಂದು ದಿನ ತಮಾಷೆಗೆ ಅಂದೆ.

ಅವರು ನನ್ನನ್ನು ಕ್ಲಾಸಿನಲ್ಲಿ ತರಲೆ ಮಾಡಿದವಳನ್ನು ನೋಡಿದ ಹಾಗೆ ನೋಡಿದರು. "ವಿಶಾಲಾಕ್ಷಿ, ಆ ಮನೇಲಿ ನಾನು ಧರಣಪ್ಪನವರ ತಮ್ಮನ ಹೆಂಡ್ತಿ. ಶಾಲೇಲಿ ನಾನು ಅಕ್ಕೋರು. ಅದನ್ನೂ ಬಿಟ್ಟು ಮೂಲೇಲಿ ಕೂತ್ರೆ ನಾನು ಯಾರೇ?"

ಆವತ್ತಿಂದ ನನಗೆ ಆ ಶಾಲೆ, ಆ ದಸರಾ ನನ್ನದೇ ಕೆಲಸವಾಗಿಬಿಟ್ಟಿತು. ವರ್ಗದ ಅರ್ಜಿಯ ಮೇಲಿದ್ದ ಚಡಪಡಿಕೆಯೆಲ್ಲ ಇತ್ತ ತಿರುಗಿತು. ಬುಧವಾರ ಬಂದರೆ ಹತ್ತೂವರೆಯಿಂದಲೇ ಎದ್ದು ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಿದ್ದೆ.

ಲೈನು ಕೆಟ್ಟದಾಗಿತ್ತು. ಬೂತಿನಲ್ಲಿ ನಿಂತರೆ ಸಿಸ್ಟರ ದನಿ ಅಕ್ಕೋರಿಗೆ ಕೇಳುತ್ತಿರಲಿಲ್ಲ, ನಿಲ್ಲಲು ತ್ರಾಣವೂ ಇರಲಿಲ್ಲ. ಹಾಗಾಗಿ ರೂಲ್ಸು ಮುರಿದು ಅವರನ್ನು ಒಳಗೇ ಕರೆದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ಹೆಡ್‌ಸೆಟ್ಟು ನನ್ನ ಕಿವಿಯಲ್ಲಿ. ಸಿಸ್ಟರ್ ಹೇಳಿದ್ದನ್ನು ನಾನು ಅಕ್ಕೋರಿಗೆ ಹೇಳುವುದು, ಅಕ್ಕೋರು ಹೇಳಿದ್ದನ್ನು ಸಿಸ್ಟರಿಗೆ ಕೂಗುವುದು. ರಸ್ತೆಯಲ್ಲಿ ಹೋಗುವವರು ನಿಂತು ಕೇಳುವಷ್ಟು ಜೋರು.

ಸಿಸ್ಟರ್ ಹೇಳುತ್ತಿದ್ದದ್ದು ನನಗೆ ಒಂಚೂರೂ ರುಚಿಸುತ್ತಿರಲಿಲ್ಲ. "ಸುಸ್ತು ಬಂದ ಮೇಲೆ ಕೂತ್ಕೊಳ್ಳುವುದಲ್ಲ, ಬರುವ ಮೊದಲೇ ಕೂತ್ಕೊಳ್ಳಬೇಕು. ಇನ್ನೂ ನಡೀಬಹುದು ಅಂತ ಕಾಣುವಾಗಲೇ ನಿಲ್ಲಿಸ್ಬೇಕು. ದಿನಾ ನಡೀಬೇಕು, ಆದ್ರೆ ನಿನ್ನೆಗಿಂತ ಹತ್ತೇ ಹೆಜ್ಜೆ ಜಾಸ್ತಿ. ಗೊತ್ತಾಯ್ತಾ?" ಹತ್ತೇ ಹೆಜ್ಜೆ! ಶಾಲೆ ಇರುವುದು ಪೇಟೆಯಿಂದ ಒಂದು ಮೈಲಿ ಆಚೆ. ದಿನಕ್ಕೆ ಹತ್ತು ಹೆಜ್ಜೆ ಹೆಚ್ಚಿಸಿಕೊಂಡು ಹೋದರೆ ಅಲ್ಲಿಗೆ ಮುಟ್ಟುವುದು ಯಾವ ಕಾಲಕ್ಕೆ? ನನಗೆ ಆಗ ಸುಸ್ತು ಅಂದರೆ ಏನೆಂದೇ ಗೊತ್ತಿರಲಿಲ್ಲ. ಮೈ ಬಗ್ಗಿಸಿದರೆ ತಾನಾಗಿ ಹೋಗುವಂಥದ್ದು ಅಂದುಕೊಂಡಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಜುಲೈನಲ್ಲಿ ಶಿವಮೊಗ್ಗ ರಸ್ತೆಯಲ್ಲಿ ಮರ ಉರುಳಿ ಟ್ರಂಕ್ ಲೈನಿನ ಕಂಬಗಳು ಸಾಲಾಗಿ ಮಲಗಿದವು. ಊರೊಳಗಿನ ಫೋನುಗಳು ನಡೆಯುತ್ತಿದ್ದವು, ಹೊರಗಿನದು ಸತ್ತಿತ್ತು. ಮಂಗಳವಾರ ಹೀಗಾಯಿತು. ಬುಧವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅಕ್ಕೋರು ಬಂದರು. ಕೊಡೆ ಮಡಚಿ ಮೂಲೆಗಿಟ್ಟು, ಬಾಗಿಲು ಹಿಡಿಯದೆ, ನೆಟ್ಟಗೆ ಒಳಗೆ ಬಂದು ಕೂತರು. ಮುಖ ಅರಳಿತ್ತು. "ಎಲ್ಲೂ ಕೂರದೆ ಬಂದೆ ಕಣೇ ಹುಡ್ಗಿ! ಸಿಸ್ಟ್ರಿಗೆ ಮೊದ್ಲು ಅದನ್ನೇ ಹೇಳು."

ಲೈನಿಲ್ಲ ಅಕ್ಕೋರೇ, ವಾಪಸ್ ಹೋಗಿ ಅನ್ನಬೇಕಿತ್ತು. ಅದರ ಬದಲು ಹೆಡ್‌ಸೆಟ್ಟು ಹಾಕಿಕೊಂಡೆ, ವೈರು ಚುಚ್ಚಿದೆ. "ಹಾಂ ಸಿಸ್ಟರ್! ಪದ್ಮಕ್ಕೋರು ಇವತ್ತು ಕೂರದೆ ಬಂದ್ರಂತೆ!" ಅಂತ ಕೂಗಿದೆ. ಕಿವಿಯಲ್ಲಿ ಬರೀ ಮೌನ. "ತುಂಬ ಖುಷಿಯಾಯ್ತಂತೆ" ಅಂತ ಅಕ್ಕೋರ ಕಡೆ ತಿರುಗಿ ಹೇಳಿದೆ. ಅವರು ಹುಡುಗಿಯ ಹಾಗೆ ನಕ್ಕರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ. "ಇನ್ನು ಹತ್ತು ಹೆಜ್ಜೆ ಸಾಲದಂತೆ. ದಿನಾ ಎರಡು ಸಲ ನಡೀಬೇಕಂತೆ" ಅಂದೆ. ಅಕ್ಕೋರು ತಮ್ಮ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮುಂದಿನ ಬುಧವಾರವೂ ಲೈನು ಬರಲಿಲ್ಲ. ಅಕ್ಕೋರು ಬಂದರು. ಕಣ್ಣ ಕೆಳಗೆ ಕಪ್ಪಾಗಿತ್ತು, ನಾನು ಕಂಡೂ ಕಾಣದ ಹಾಗಿದ್ದೆ. ಮತ್ತೆ ಸತ್ತ ಲೈನಿಗೆ ಮಾತಾಡಿದೆ. ಈ ಸಲ ಇನ್ನೂ ಮುಂದಕ್ಕೆ ಹೋದೆ. "ಶಾಲೆವರೆಗೂ ಹೋಗಿ ಬನ್ನಿ ಅಂತಾರೆ ಸಿಸ್ಟರ್. ಸುಸ್ತಾದ್ರೂ ನಿಲ್ಲಬಾರದಂತೆ. ಮನಸ್ಸು ಗಟ್ಟಿ ಮಾಡ್ಬೇಕಂತೆ."

ಅಕ್ಕೋರು ಬರೆಯುತ್ತಿದ್ದವರು ಪೆನ್ಸಿಲ್ ನಿಲ್ಲಿಸಿದರು. "ಸುಸ್ತಾದ್ರೂ ನಿಲ್ಲಬಾರದಾ? ಮೊದ್ಲು ಬೇರೆ ಹೇಳಿದ್ರಲ್ಲ?"

"ಈಗ ನೀವು ಗಟ್ಟಿಯಾಗಿದೀರಲ್ಲ, ಅದಕ್ಕೆ" ಅಂದೆ.

ಭಾನುವಾರ ಸಂಜೆ ಸುದ್ದಿ ಬಂತು. ಶಾಲೆಯಿಂದ ತಿರುಗಿ ಬರುವಾಗ ದಾರಿಯ ಮೋರಿಯ ಹತ್ತಿರ ಅಕ್ಕೋರು ಬಿದ್ದರಂತೆ. ಯಾರೋ ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದರಂತೆ. ಜ್ವರ ಬಂದಿದೆಯಂತೆ. ಸೋಮವಾರ ಬೋರ್ಡಿನ ಮುಂದೆ ಹೇಗೆ ಕೂತೆನೋ ದೇವರಿಗೇ ಗೊತ್ತು. ಅಂಗಡಿಗೆ ಕೊಡಬೇಕಾದ ಕಾಲ್ ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಬೈಸಿಕೊಂಡೆ. ಡ್ಯೂಟಿ ಮುಗಿದ ತಕ್ಷಣ ಧರಣಪ್ಪನವರ ಮನೆಗೆ ಓಡಿದೆ.

ನಡುಮನೆಯಲ್ಲಿ ಮಂಚ. ಸುತ್ತ ಆರೇಳು ಜನ, ಯಾರೋ ದೂರದ ನೆಂಟರು, ಸಾಗರದ ಬಸ್ಸಿಗೆ ಬಂದವರು. ಬ್ರೆಡ್ಡು, ಮೋಸಂಬಿ ತಂದು ತಲೆದೆಸೆಯಲ್ಲಿ ಇಟ್ಟಿದ್ದರು. ಅಕ್ಕೋರು ದಿಂಬಿಗೆ ಒರಗಿ ಕೂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ಮಂಚದ ಪಕ್ಕ ಧರಣಪ್ಪನವರು ಪೆನ್ನು ಹಿಡಿದು ನಿಂತಿದ್ದರು. ಮಡಚಿದ ಪತ್ರ ಅಕ್ಕೋರ ಮಡಿಲಲ್ಲಿತ್ತು.

"ನೋಡಮ್ಮ ಆಪರೇಟ್ರಮ್ಮ," ಅಂದರು ಧರಣಪ್ಪನವರು, "ಆ ಸಿಸ್ಟ್ರು ಏನ್ ತಿಳ್ಕಂಡಾರೆ? ಅಲ್ಲಿ ಕುರ್ಚಿ ಮೇಲೆ ಕೂತ್ಕಂಡು ಫೋನಲ್ಲಿ ನಡೀರಿ ನಡೀರಿ ಅನ್ನೋದು. ಸತ್ತಿದ್ರೆ ಯಾರ್ ಹೊಣೆ? ಇನ್ನು ಆ ಫೋನೂ ಬ್ಯಾಡ, ಆ ಶಾಲೇನೂ ಬ್ಯಾಡ. ಪದ್ಮಾ, ಹಾಕಮ್ಮ ಸಹಿ."

ಅಕ್ಕೋರು ಪೆನ್ನು ತೆಗೆದುಕೊಂಡರು. ನನ್ನ ಕಡೆ ನೋಡಿ, "ಸಿಸ್ಟ್ರು ಹೇಳಿದ್ದು ನನ್ ಕೈಲಿ ಆಗ್ಲಿಲ್ಲ ಅಂತ ಹೇಳ್ಬಿಡೇ" ಅಂದರು.

ಆ ಮಾತು ನನ್ನನ್ನು ತಿಂದುಹಾಕಿತು. ಇವರು ಸೋತದ್ದು ಸಿಸ್ಟರ ಮಾತಿಗಲ್ಲ, ನನ್ನ ಸುಳ್ಳಿಗೆ. ಅದನ್ನು ತಿಳಿಯದೆ ಸಹಿ ಹಾಕುತ್ತಿದ್ದಾರೆ. ಹೇಳಿದರೆ ನನ್ನ ಕೆಲಸ ಹೋಗಬಹುದು. ಸತ್ತ ಲೈನಿನಲ್ಲಿ ನಾಟಕ ಆಡಿದವಳನ್ನು ಇಲಾಖೆ ಮುದ್ದು ಮಾಡುತ್ತದಾ? ಅಷ್ಟು ಜನರ ಮುಂದೆ ನಿಂತು ಹೇಳಿದೆ. "ಸಿಸ್ಟರ್ ಹೇಳಿದ್ದಲ್ಲ ಅದು. ಎರಡು ವಾರದಿಂದ ಲೈನೇ ಇಲ್ಲ. ನಾನೇ ಹೇಳಿದ್ದು. ನಾನೇ ಕಟ್ಟಿ ಹೇಳಿದ್ದು."

ಮೋಸಂಬಿ ಸುಲಿಯುತ್ತಿದ್ದ ಹೆಂಗಸಿನ ಕೈ ಹಾಗೇ ನಿಂತಿತು. ಧರಣಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಕೆಂಪಾಯಿತು. "ಏನ್ ಹುಡುಗಾಟ ಅಂದ್ಕಂಡ್ಯಾ? ಶಿವಮೊಗ್ಗಕ್ಕೆ ಬರೀತೀನಿ. ನಿನ್ ಕೆಲಸ ತೆಗೆಸ್ತೀನಿ!"

ಅಕ್ಕೋರು ಕೂಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಎರಡು ಬುಧವಾರ ನನ್ನ ಪಕ್ಕ ಕೂತು ಸುಳ್ಳು ಹೇಳಿದ್ಯಾ? ನಾನು ಬಿದ್ದಾಗ ಏನಂದ್ಕೊಂಡೆ ಗೊತ್ತಾ? ಆಸ್ಪತ್ರೆಯವರಿಗೇ ಇಷ್ಟು ನಂಬಿಕೆ ಇರುವಾಗ ನನಗೇ ಮನಸ್ಸಿಲ್ಲ, ನಾನೇ ಸೋಮಾರಿ ಅಂದ್ಕೊಂಡೆ. ನನ್ನ ಸುಸ್ತು ನಿಂಗೆ ಆಟದ ಸಾಮಾನಾ?" ಅಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಭಾವನ ಕೈಗೆ ಕೊಟ್ಟರು. "ಭಾವಾ, ಸಿಸ್ಟ್ರು ಹೇಳಿದ್ದು ಅಂತ ಆದ್ರೆ ನಾನು ಸೋತೆ ಅಂತಿತ್ತು. ಅವರು ಹೇಳೇ ಇಲ್ಲ. ಅವರು ಏನ್ ಹೇಳ್ತಾರೋ ಕೇಳಾಣ. ಆಮೇಲೆ ಸಹಿ."

"ಹಂಗಾದ್ರೆ ಫೋನಿಗೆ ನಾನೇ ಬರ್ತೀನಿ" ಅಂದರು ಧರಣಪ್ಪನವರು. "ಈ ಹುಡ್ಗಿ ಬಾಯಿ ಮೇಲೆ ನಂಗೆ ನಂಬಿಕೆ ಇಲ್ಲ."

ಲೈನು ರಿಪೇರಿ ಆಗುವ ಹೊತ್ತಿಗೆ ಇನ್ನೊಂದು ವಾರ ಹೋಯಿತು. ಶಿವಮೊಗ್ಗದಿಂದ ಮೆಮೋ ಬರುತ್ತದೆ ಅಂತ ದಿನಾ ಟಪಾಲು ಕಾದೆ. ಕೊನೆಗೆ ಬುಧವಾರ ಹನ್ನೊಂದಕ್ಕೆ ಸಿಸ್ಟರ ದನಿ ಬಂದಾಗ, ಧರಣಪ್ಪನವರು ಪಕ್ಕದಲ್ಲಿ ನಿಂತಿರುವಂತೆಯೇ, ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. "ಹತ್ತಿರ ಇದ್ದಿದ್ರೆ ನಿನ್ನ ಕೆನ್ನೆಗೆ ಎರಡು ಬಿಡ್ತಿದ್ದೆ ಮಾರಾಯ್ತಿ" ಅಂದರು. "ನಡೆಯುವುದು ಅವರ ಕಾಲು, ನಿನ್ನದಲ್ಲ. ಈಗ ಬೈಲಿಕ್ಕೆ ಟೈಮ್ ಇಲ್ಲ. ಅವರ ಭಾವನಿಗೆ ಕೊಡು."

ಧರಣಪ್ಪನವರು ಹೆಡ್‌ಸೆಟ್ಟನ್ನು ಪೇಟದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಲೆಗೇರಿಸಿಕೊಂಡರು. ಗಲಾಟೆ ಮಾಡಲು ಬಂದವರು, ಮಾಡಿದರು ಕೂಡ. ಸಿಸ್ಟರ್ ಎಲ್ಲ ಕೇಳಿಸಿಕೊಂಡು ಒಂದೇ ಕೆಲಸ ಕೊಟ್ಟರಂತೆ. ಒಂದು ವಾರ ಅಕ್ಕೋರ ಪ್ರತಿಯೊಂದು ಗಂಟೆ ಬರೆದಿಡಬೇಕು. ಆ ಹೊತ್ತಲ್ಲಿ ಏನು ನಡೀತು, ಅವರಿಗೆ ಹೇಗಿತ್ತು. ಮೂರೇ ಶಬ್ದ ಸಾಕು: ಅಡ್ಡಿಯಿಲ್ಲ, ಸುಮಾರು, ಆಗಲ್ಲ. "ಅದೆಷ್ಟರ ಕೆಲಸ, ನಾನೇ ಬರೀತೀನಿ" ಅಂದು ಧರಣಪ್ಪನವರು ಹೋದರು. ಅವರ ಬರವಣಿಗೆ ಮೇಲೆ ಅವರಿಗೆ ಭಾರಿ ಅಭಿಮಾನ.

ಮುಂದಿನ ವಾರ ಭಾವ ಮತ್ತು ಅಕ್ಕೋರು ಇಬ್ಬರೂ ಬಂದರು. ಅಕ್ಕೋರಿಗೆ ಜ್ವರ ಬಿಟ್ಟಿತ್ತು, ಆದರೆ ದಾರಿಯಲ್ಲಿ ಮೂರು ಕಡೆ ಕೂತು ಬಂದಿದ್ದರು. ನನ್ನನ್ನು ಮಾತಾಡಿಸಲಿಲ್ಲ. ಲೈನು ಮತ್ತೆ ಗೊರಗೊರ ಅನ್ನುತ್ತಿತ್ತು, ಹಾಗಾಗಿ ಧರಣಪ್ಪನವರು ಓದುವುದು, ನಾನು ಅದನ್ನೇ ಸಿಸ್ಟರಿಗೆ ಕೂಗುವುದು ಅಂತ ಆಯಿತು.

"ಸೋಮವಾರ. ಬೆಳಿಗ್ಗೆ ಎಂಟು, ಹಾಸಿಗೇಲಿ. ಅಡ್ಡಿಯಿಲ್ಲ" ಅಂತ ಅವರು ಗತ್ತಿನಿಂದ ಶುರು ಮಾಡಿದರು. ನಾನು ಕೂಗಿದೆ.

"ಒಂಬತ್ತು, ಹಿತ್ತಿಲಲ್ಲಿ ನಡೆದಿದ್ದು. ಅಡ್ಡಿಯಿಲ್ಲ."

"ಹನ್ನೊಂದೂವರೆ, ತೀರ್ಥಹಳ್ಳಿ ಬಸ್ಸು. ಮೇಳಿಗೆಯಿಂದ ನಾಕು ಜನ ನೋಡೋಕೆ ಬಂದಿದ್ದು. ಹನ್ನೆರಡೂವರೆ, ಸುಮಾರು."

"ಎರಡು ಗಂಟೆ, ಸಾಗರ ಬಸ್ಸು. ನೋಡೋಕೆ ಬಂದಿದ್ದು ಐದು ಜನ. ಕಾಫಿ. ಮೂರು ಗಂಟೆ, ಆಗಲ್ಲ."

"ನಾಕಕ್ಕೆ ಹೊಸನಗರ ಬಸ್ಸು..." ಅಂದವರು ನಿಧಾನ ಮಾಡಿದರು.

ಸಿಸ್ಟರ್ ಕೇಳಿದರು, ನಾನು ತಿರುಗಿ ಕೇಳಿದೆ: "ಬಸ್ಸು ಬಂದ್ರೆ ಅಕ್ಕೋರಿಗೆ ಯಾಕೆ ಸುಸ್ತು ಅಂತ ಕೇಳ್ತಾರೆ. ಯಾವ ಹೊತ್ತಲ್ಲಿ ಶುರುವಾಗೋದು? ಬಂದವರ ಜೊತೆ ಅವರು ಏನ್ ಮಾಡ್ತಾರೆ?"

ಏನು ಮಾಡುತ್ತಾರೆ! ರಿಪ್ಪನ್‌ಪೇಟೆಗೆ ಬಂದವರೆಲ್ಲ ಬಸ್ಸು ಬದಲಾಯಿಸುವವರೇ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಇರುತ್ತದೆ. ಎದುರಿಗೇ ಧರಣಪ್ಪನವರ ಮನೆ. ಹೇಗೂ ಹೊತ್ತಿದೆ, ಪದ್ಮಕ್ಕನ್ನ ನೋಡ್ಕಂಡು ಹೋಗಾಣ ಅಂತ ಬರುವುದು. ನೋಡಲು ಬಂದವರ ಮುಂದೆ ಮಲಗಿರುವುದು ಮರ್ಯಾದೆಯಲ್ಲ ಅಂತ ಅಕ್ಕೋರು ಎದ್ದು ಕೂರುವುದು, ಸೆರಗು ಸರಿ ಮಾಡಿಕೊಳ್ಳುವುದು, ಗಂಟು ಕಂಡ ದಿನದಿಂದ ಹಿಡಿದು ಕರೆಂಟ್ ಕೊಟ್ಟ ಕೊನೇ ದಿನದವರೆಗೆ ಇಡೀ ಕಥೆ ಹೇಳುವುದು. ಕೇಳಿದವರು ಅಳುವುದು, ಇವರು ಸಮಾಧಾನ ಮಾಡುವುದು. ಅವರು ಹೋಗುವುದರೊಳಗೆ ಇನ್ನೊಂದು ಬಸ್ಸು. ಸಂಜೆ ಬಂದವರಿಗೆ ಆ ಮನೆಯ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಹಾಕಬೇಕು, ಅವರು ಉಣ್ಣುವಾಗ ಪಕ್ಕದಲ್ಲಿ ಅಕ್ಕೋರೂ ಕೂರಬೇಕು. ಕಡ್ಡಿ ಎತ್ತಬೇಡ ಅಂತ ಕಾಯುತ್ತಿದ್ದ ಧರಣಪ್ಪನವರೇ ಬಂದವರನ್ನು ಬಾಗಿಲಿಂದ ಕೈಹಿಡಿದು ಮಂಚದ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ನಾನೂ ಆ ಮಂಚದ ಪಕ್ಕ ನಿಂತು ಬಂದವಳು, ನನಗೂ ಹೊಳೆದಿರಲಿಲ್ಲ.

ಧರಣಪ್ಪನವರು ಕಾಗದ ಮಡಚಿದರು. ಉಳಿದ ದಿನಗಳದ್ದು ಓದಲೇ ಇಲ್ಲ. "ಯಾಕಮ್ಮ, ನಂಗೆ ಹೇಳ್ಬಾರ್ದಾಗಿತ್ತಾ?" ಅಂತ ಅಕ್ಕೋರನ್ನು ಕೇಳಿದರು.

"ಮನೆಗೆ ಬಂದೋರನ್ನ ಬ್ಯಾಡ ಅನ್ನೋದು ಹೆಂಗೆ ಭಾವಾ? ನೀವು ಎಷ್ಟು ಆಸೆಯಿಂದ ಕರ್ಕೊಂಡು ಬರ್ತಿದ್ರಿ." ಅಕ್ಕೋರ ಕಣ್ಣಲ್ಲಿ ನೀರು ಬಂತು. ಧರಣಪ್ಪನವರು ಹೊರಗೆ ಹೋಗಿ ಬೀದಿ ನೋಡುತ್ತ ನಿಂತರು. ಕಾಲ್ ಆರು ನಿಮಿಷ ದಾಟಿತ್ತು, ನಾನು ಕಡಿಯಲಿಲ್ಲ.

ಮಾರನೇ ದಿನದಿಂದ ಆ ಮನೆಯಲ್ಲಿ ಜಗಲಿಯಾಚೆ ಯಾರಿಗೂ ಪ್ರವೇಶವಿಲ್ಲ. ಬಂದವರನ್ನು ಧರಣಪ್ಪನವರು ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಆಪರೇಷನ್ ಕಥೆಯನ್ನು ತಾವೇ ಹೇಳತೊಡಗಿದರು. ದಿನದಿಂದ ದಿನಕ್ಕೆ ಕಥೆ ಬೆಳೆಯಿತು. ಆಗಸ್ಟ್ ಕೊನೆಯ ಹೊತ್ತಿಗೆ ಕೇಳಿದವರಿಗೆ ಆಪರೇಷನ್ ಆದದ್ದು ಧರಣಪ್ಪನವರಿಗೇ ಅನ್ನಿಸುವಂತಿತ್ತು. ಮೊದಲು ಕೆಲವರು ಮುನಿಸಿಕೊಂಡರು. ಬಸ್ಸು ತಪ್ಪೀತು ಅಂತ ಓಡಿದವರೂ ಇದ್ದರು. ನನ್ನ ಮೇಲಿನ ದೂರು ಶಿವಮೊಗ್ಗಕ್ಕೆ ಹೋಗಲೇ ಇಲ್ಲ. ಕಥೆ ಹೇಳುವ ಗಡಿಬಿಡಿಯಲ್ಲಿ ಬರೆಯಲು ಪುರಸೊತ್ತಾಗಲಿಲ್ಲವೋ, ಮನಸ್ಸಾಗಲಿಲ್ಲವೋ, ನಾನು ಕೇಳಲು ಹೋಗಲಿಲ್ಲ.

ಅಕ್ಕೋರು ಬುಧವಾರ ತಪ್ಪಿಸಲಿಲ್ಲ. ಆದರೆ ನಾನು ಸಿಸ್ಟರ ಒಂದೊಂದು ಮಾತು ದಾಟಿಸಿದಾಗಲೂ ಪೆನ್ಸಿಲ್ ಎತ್ತಿ ಹಿಡಿದು, "ಇದು ಅವರು ಹೇಳಿದ್ದಾ, ನೀನು ಹೇಳಿದ್ದಾ?" ಅಂತ ಕೇಳುತ್ತಿದ್ದರು. "ಅವರು ಹೇಳಿದ್ದು ಅಕ್ಕೋರೇ" ಅಂದ ಮೇಲೇ ಬರೆಯುವುದು. ಪ್ರತಿ ಸಲ ಚುಚ್ಚಿದ ಹಾಗಾಗುತ್ತಿತ್ತು, ಪ್ರತಿ ಸಲ ಉತ್ತರ ಕೊಟ್ಟೆ. ಸಿಸ್ಟರ್ ಹೇಳುತ್ತಿದ್ದದ್ದು ಅದೇ ಹಳೇ ಮಾತು. ದಿನಾ ಸ್ವಲ್ಪ ನಡಿಗೆ, ದಣಿಯುವ ಮೊದಲೇ ವಿಶ್ರಾಂತಿ, ತ್ರಾಣ ಇರುವ ಹೊತ್ತನ್ನು ಬೇಕಾದ ಕೆಲಸಕ್ಕೆ ಇಟ್ಟುಕೊಳ್ಳುವುದು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು ಅಕ್ಕೋರ ಒಳ್ಳೇ ಹೊತ್ತು ಅಂತ ನೋಟ್‌ಬುಕ್ಕಿನಿಂದ ಗೊತ್ತಾಯಿತು. ಹೆಡ್‌ಮಾಸ್ತರು ಒಳ್ಳೆಯವರು, ಲೆಕ್ಕ, ಕನ್ನಡ ಎಲ್ಲ ಬೆಳಿಗ್ಗೆಗೆ ಹಾಕಿ, ಮಧ್ಯಾಹ್ನ ಕಾಪಿ ಬರೆಸಲು ಒಪ್ಪಿದರು. ಆದರೂ ದಸರಾ ಹತ್ತಿರ ಬಂದಂತೆ ನನಗೆ ಹೆದರಿಕೆ. ಹಿತ್ತಿಲಿನಲ್ಲಿ ನಡೆಯುವುದು ಬೇರೆ, ಮೂರನೇ ಕ್ಲಾಸಿನ ನಲವತ್ತು ಮಕ್ಕಳ ಮುಂದೆ ಇಡೀ ದಿನ ಬೇರೆ. ಒಂದು ದಿನ ಮತ್ತೆ ಬಿದ್ದರೆ ಧರಣಪ್ಪನವರು ಕಪಾಟು ತೆಗೆಯುತ್ತಾರೆ, ಈ ಸಲ ಅಕ್ಕೋರು ತಾವಾಗಿ ಸಹಿ ಹಾಕುತ್ತಾರೆ. ಅದು ನನಗೆ ಖಂಡಿತ ಗೊತ್ತಿತ್ತು.

ಶಾಲೆ ತೆರೆದ ದಿನ ಡ್ಯೂಟಿ ಬದಲಾಯಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೊರಟೆ. ಒಂದು ಮೈಲಿಯನ್ನು ಅರ್ಧ ಓಡಿ ಅರ್ಧ ನಡೆದು ಮುಟ್ಟಿದೆ. ಎರಡು ಕೋಣೆಯ ಶಾಲೆ. ಒಳಗಿಂದ ಒಂದು ಪಿಸುಮಾತೂ ಇಲ್ಲ. ಮೂರನೇ ಕ್ಲಾಸು ಇಷ್ಟು ಸುಮ್ಮನಿದ್ದರೆ ಏನೋ ಆಗಿದೆ ಅಂತಲೇ ಅರ್ಥ. ಜಗಲಿಯಲ್ಲಿ ಧರಣಪ್ಪನವರು ಕೊಡೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಅವರ ಪಕ್ಕ ಬ್ರೆಡ್ಡಿನ ಚೀಲ ಹಿಡಿದ ಇಬ್ಬರು ಹೆಂಗಸರು ಬಾಯಿಬಿಡದೆ ಕೂತಿದ್ದರು. ಮನೆಯಲ್ಲಿ ಸಿಗಲಿಲ್ಲ ಅಂತ ಇಲ್ಲಿಗೇ ನೋಡಲು ಬಂದವರು!

ನಾನು ಬಾಗಿಲಿಗೆ ನುಗ್ಗಿದೆ. ಧರಣಪ್ಪನವರ ಕೊಡೆ ಅಡ್ಡ ಬಂತು. "ಏನಾಯ್ತು? ಬಿದ್ರಾ?" ಅಂದೆ.

"ಶ್! ಮಲಗಿದಾಳೆ" ಅಂದರು ಅವರು ಪಿಸುಗುಟ್ಟಿ. "ಸುಸ್ತಾಗಿಲ್ಲ. ಆಗೋಕಿಂತ ಮೊದ್ಲು ಇಪ್ಪತ್ತು ನಿಮಿಷ ಅಂತ ಸಿಸ್ಟ್ರು ಹೇಳಿದಾರಲ್ಲ. ಇನ್ನೂ ಎಂಟು ನಿಮಿಷ ಇದೆ. ಕೂತ್ಕ."

ಕಿಟಕಿಯಿಂದ ಬಗ್ಗಿ ನೋಡಿದೆ. ಅಕ್ಕೋರು ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಕೈಮಡಚಿ, ಅದರ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಹಾಜರಿ ಪುಸ್ತಕ, ಚಾಕ್‌ಪೀಸು. ನಲವತ್ತು ಮಕ್ಕಳು ನೆಲದ ಮೇಲೆ ಬಗ್ಗಿ ಕಾಪಿ ಬರೆಯುತ್ತಿದ್ದವು. ಒಬ್ಬಳು ಪುಟ್ಟ ಹುಡುಗಿ ಮಾತ್ರ ಎದ್ದು ನಿಂತು, ಎಲ್ಲರ ಮೇಲೂ ಕಣ್ಣಿಟ್ಟು ಕಾಯುತ್ತಿದ್ದಳು.

ನಾನು ಜಗಲಿಯಲ್ಲಿ ಆ ಹೆಂಗಸರ ಪಕ್ಕ ಕೂತೆ. ಜನ್ಮದಲ್ಲಿ ಎಂಟು ನಿಮಿಷ ಹಾಗೆ ಅಲುಗಾಡದೆ ಕೂತವಳಲ್ಲ. ಕಾಲು ಕುಣಿಯತೊಡಗಿದಾಗ ಎರಡೂ ಕೈಯಿಂದ ಮಂಡಿ ಹಿಡಿದುಕೊಂಡೆ. ಕೊನೆಗೆ ಒಳಗೆ ಕುರ್ಚಿ ಸರಿದ ಸದ್ದಾಯಿತು. "ಎಲ್ಲಿಗೆ ನಿಲ್ಸಿದ್ವಿ?" ಅಂತ ಅಕ್ಕೋರ ದನಿ. ನಲವತ್ತು ಬಾಯಿ ಒಟ್ಟಿಗೆ ಉತ್ತರ ಕೊಟ್ಟವು.

ಅಕ್ಕೋರು ಏನೋ ನೆನಪಾದವರಂತೆ ಬಾಗಿಲಿಗೆ ಬಂದರು. ಕೆನ್ನೆಯ ಮೇಲೆ ಬಳೆಯ ಗುರುತು ಮೂಡಿತ್ತು. ಜಗಲಿಯಲ್ಲಿ ಸಾಲಾಗಿ ಕೂತ ನಮ್ಮನ್ನೆಲ್ಲ ನೋಡಿದರು, ಭಾವನನ್ನೂ, ಬ್ರೆಡ್ಡಿನ ಹೆಂಗಸರನ್ನೂ, ಕೊನೆಗೆ ನನ್ನನ್ನೂ. ಧರಣಪ್ಪನವರು ಹೆಂಗಸರಿಗೆ ಏಳಿ ಅಂತ ಸನ್ನೆ ಮಾಡಲು ಹೊರಟರು. ಅಷ್ಟರಲ್ಲಿ ಅಕ್ಕೋರೇ ಅಂದರು:

"ನೋಡೋಕೆ ಬಂದೋರು ನೋಡಿದ್ದಾಯ್ತಲ್ಲ? ಹೊರಡಿ ಎಲ್ರೂ. ನಂಗೆ ಪಾಠ ಇದೆ."